ಉಳಿದ ಉಲ್ಲನ್, ಪಟ್ಟೆ ಹೊದಿಕೆ

9 ನವೆಂಬರ್ 2025, ಭಾನುವಾರ
ಕೋಥ್ರೂಡ್, ಪುಣೆ

ಕ್ರೋಶಾ ಹೊದಿಕೆ ಅರ್ಧಕ್ಕೆ ಬಂದಿದೆ. ಹೆಣೆಯುವಾಗ ಮಡಿಲ ಮೇಲೆಯೇ ಬಿದ್ದಿರುತ್ತದೆ. ಈ ಚಳಿಯಲ್ಲಿ ಅದೊಂದು ಲಾಭ.

ಇದು ಹೋಗುವುದು ಕಬ್ಬು ಕಡಿಯುವವರ ಮಕ್ಕಳಿಗೆ. ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಬೀಡ್ ಕಡೆಯಿಂದ ಸಂಸಾರ ಸಮೇತ ಹೊರಡುತ್ತಾರೆ. ಪುಣೆ ಜಿಲ್ಲೆ, ಸಾತಾರಾ, ಸಾಂಗ್ಲಿ, ಕೊಲ್ಹಾಪುರ, ಕೆಲವರು ನಮ್ಮ ಬೆಳಗಾವಿ ತನಕ. ಹಂಗಾಮು ಮುಗಿಯುವವರೆಗೆ ಹೊಲದ ಬದಿಯ ಕೋಪಿಯೇ ಮನೆ. ಕೋಪಿ ಅಂದರೆ ಗುಡಿಸಲು, ಅಷ್ಟೇ. ನಸುಕಿಗೇ ಕಟಾವು ಶುರುವಾಗುತ್ತದೆ, ಚಿಕ್ಕ ಮಕ್ಕಳೂ ಅಪ್ಪ ಅಮ್ಮನ ಜೊತೆ ಹೊಲದಲ್ಲೇ ಇರುತ್ತವೆ.

ಹಾಗಾಗಿ ಈ ಸಲ ಮನೆಯಲ್ಲಿ ಉಳಿದ ಉಲ್ಲನ್ ಉಂಡೆಗಳನ್ನು ಸುಮ್ನೆ ಜೋಡಿಸಿಬಿಡಲು ಮನಸ್ಸು ಬರಲಿಲ್ಲ. ಲೇಬಲ್ ಯಾವುದರ ಮೇಲೂ ಇಲ್ಲ. ಒಂದೊಂದರಿಂದಲೂ ಚೂರು ದಾರ ಕತ್ತರಿಸಿ, ಚಿಮಟಾದಲ್ಲಿ ಹಿಡಿದು ಸುಟ್ಟು ನೋಡಿದೆ. ಕುರಿ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ಹತ್ತಿ ಕಾಗದ ಉರಿದ ಹಾಗೆ ಉರಿಯುತ್ತದೆ. ಅಕ್ರಿಲಿಕ್, ಅಂದರೆ ಸಿಂಥೆಟಿಕ್ ದಾರ, ಕರಗಿ ಗಟ್ಟಿ ಮಣಿಯಾಗುತ್ತದೆ. ನನ್ನ ಡಬ್ಬಿಯಲ್ಲಿ ಮುಕ್ಕಾಲು ಪಾಲು ಅಕ್ರಿಲಿಕ್ಕೇ.

ಇಲ್ಲೇ ತಲೆ ಕೆಟ್ಟಿದ್ದು. ಉಣ್ಣೆ ಬೆಂಕಿಗೆ ಬೇಗ ಹತ್ತಿಕೊಳ್ಳುವುದಿಲ್ಲ, ಕರಗಿ ಮೈಗೆ ಅಂಟುವುದೂ ಇಲ್ಲ. ಕೋಪಿಯಲ್ಲಿ ಒಲೆ ಹತ್ತಿರದಲ್ಲೇ ಇರುತ್ತದೆ. ಆದರೆ ಸಾಬೂನು ಹಚ್ಚಿ ಕಲ್ಲಿನ ಮೇಲೆ ಕುಕ್ಕಿ ಒಗೆದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಲ್ಲಿ ಮೆತ್ತಗೆ ಅದ್ದಿ ನೆರಳಲ್ಲಿ ಹರವಿ ಅಂತ ಅವರಿಗೆ ಹೇಳುವುದಾ? ಕೊನೆಗೆ ಅಕ್ರಿಲಿಕ್ಕೇ ಆಯಿತು. ಒಗೆತ ತಾಳುತ್ತದೆ, ಬೇಗ ಒಣಗುತ್ತದೆ. ಬೆಂಕಿಯ ವಿಷಯ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸಿಂಥೆಟಿಕ್ ಸೀರೆ ಉಟ್ಟು ಒಲೆ ಮುಂದೆ ಕೂರುವವರು ಅವರು.

ಧಾರವಾಡದಿಂದ ಅವ್ವ ಫೋನಿನಲ್ಲಿ ಬೇರೆಯೇ ಹೇಳಿದಳು. ‘ಉಲ್ಲನ್ ಯಾಕವಾ? ನಾಕ್ ಹಳೇ ಸೀರಿ ಕೊಡು, ಕೌದಿ ಹೊಲ್ದು ಕಳಸ್ತೀನಿ.’ ಅವಳ ಮಾತಲ್ಲಿ ಹುರುಳಿದೆ. ಹತ್ತಿ ಕರಗುವುದಿಲ್ಲ. ಆದರೆ ನೆನೆದ ಕೌದಿ ಹೊತ್ತೊಯ್ದು ಒಣಹಾಕುವುದು ಎಂಥ ಕಷ್ಟ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಅಗಲ ಒಂದು ಮೀಟರ್, 150 ಹೆಣಿಗೆ. ಪೂರಾ ಖಾಂಬ್, ಅಂದರೆ ಉದ್ದನೆಯ ಹೆಣಿಗೆ, ಹಾಕಿದರೆ ಬೇಗ ಬೆಳೆಯುತ್ತದೆ, ಆದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೇ ಅದಕ್ಕಿಂತ ಗಿಡ್ಡನೆಯ ಅರ್ಧ ಖಾಂಬ್. ಅಡುಗೆ ಮನೆಯ ತೂಕದ ಯಂತ್ರ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಒಂದು ಸಾಲಿಗೆ ಹೆಚ್ಚೂಕಡಿಮೆ 4 ಗ್ರಾಂ ದಾರ. ಪಟ್ಟೆಗೆ ಎರಡು ಸಾಲು, ಅಂದರೆ 8 ಗ್ರಾಂಗಿಂತ ಕಡಿಮೆ ಇರುವ ಉಂಡೆ ಪಟ್ಟೆಯಾಗುವುದಿಲ್ಲ. ತೂಗಿದರೆ ಸಾಲಿನ ನಡುವೆ ಬಣ್ಣ ಮುಗಿಯುವ ತಾಪತ್ರಯ ಇಲ್ಲ. ಎರಡೇ ಸಾಲಿನ ಪಟ್ಟೆಯಲ್ಲಿ ಇನ್ನೊಂದು ಅನುಕೂಲ, ಬಣ್ಣ ಬದಲಾಗುವುದು ಯಾವಾಗಲೂ ಒಂದೇ ಅಂಚಿನಲ್ಲಿ. ತೆಳು ದಾರಗಳನ್ನು ಜೋಡಿ ಎಳೆ ಮಾಡಿದೆ. ಕೆಂಪನ್ನು ಮಾತ್ರ ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ.

ದಾರದ ತುದಿ ಮರೆಮಾಡುವುದು ಮಹಾ ಬೇಜಾರಿನ ಕೆಲಸ. ಅಕ್ರಿಲಿಕ್ ಜಾರುತ್ತದೆ, ಹೆಣಿಗೆಯೊಳಗೆ ಸೇರಿಸಿಕೊಂಡು ಹೋದರೆ ಸಾಲದು. ಸೂಜಿಯಲ್ಲಿ ಆ ಕಡೆ ಈ ಕಡೆ ಮೂರು ಸಲ ಓಡಿಸಬೇಕು. ಅಂದವಾದ ಎಷ್ಟೋ ಹೊದಿಕೆಗಳು ಮೊದಲ ಒಗೆತಕ್ಕೇ ಬಿಚ್ಚಿಕೊಳ್ಳುವುದು ಇಲ್ಲೇ. ದಾನಕ್ಕೆ ತಾನೇ ಅಂತ ಈ ಕೆಲಸ ಹಾರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

2016ರಲ್ಲಿ ಚೆನ್ನೈನಲ್ಲಿ ಹೆಂಗಸರು ಸೇರಿ 11,148.5 ಚದರ ಮೀಟರ್ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿಸಿದ್ದರು. ಅದರ ತುದಿಗಳನ್ನೆಲ್ಲ ಯಾರು ಸೇರಿಸಿದರೋ, ಅವರಿಗೆ ನನ್ನ ನಮಸ್ಕಾರ.

ಅಂಚಿಗೆ ಅಂತ ನಿನ್ನೆ ಇಲ್ಲಿಯ ‘ರವಿವಾರ ಪೇಠೆ’ ಎಂಬ ಪೇಟೆಯಿಂದ ಕಂದು ಉಲ್ಲನ್ ತಂದೆ. ಹೊಸದಾಗಿ ಕೊಂಡಿದ್ದು ಅದೊಂದೇ. ಮಣ್ಣು, ಮಸಿ ಜಾಸ್ತಿ ತಾಗುವುದು ಅಂಚಿಗೇ ಅಲ್ವಾ.

ಸಂಜೆ ಕೆಳಗಿನ ಮನೆ ಕಾಕೂ ಬಂದು ಮೂಲೆ ಮೂಲೆ ಎಳೆದು ನೋಡಿದರು. ‘ಗೋಂಡೇ ಲಾವ್ ಕೀ ಗ’ ಅಂದರು. ಗೊಂಡೆ ಬೇಡ ಕಾಕೂ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ, ಒಲೆ ಹತ್ತಿರ ಜೋತುಬಿದ್ದರೆ ಇನ್ನೂ ಅಪಾಯ ಅಂದೆ. ಬೋಳು ಬೋಳಾಗಿ ಕಾಣುತ್ತದಂತೆ. ಕಾಣಲಿ ಬಿಡಿ.