ಏಳು ಬ್ಲಾಕ್ ದೂರದ ಶಾಲೆ

ಅಮೆರಿಕದಲ್ಲಿ ನಾವಿರುವ ಓವರ್‌ಲ್ಯಾಂಡ್ ಪಾರ್ಕ್ ಊರಿನಿಂದ ಟೊಪೀಕಾಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ. ನಮ್ಮ ಕಾನ್ಸಾಸ್ ರಾಜ್ಯದ ರಾಜಧಾನಿ ಅದು. ಕಳೆದ ಶನಿವಾರ ಮಗಳನ್ನು ಕರೆದುಕೊಂಡು ಅಲ್ಲಿನ ಒಂದು ಹಳೇ ಶಾಲೆ ನೋಡಲು ಹೋಗಿದ್ದೆವು. ಮನ್ರೋ ಎಲಿಮೆಂಟರಿ ಸ್ಕೂಲ್. ಕಪ್ಪು ಮಕ್ಕಳಿಗೆಂದೇ ಊರಿನಲ್ಲಿದ್ದ ನಾಲ್ಕು ಪ್ರಾಥಮಿಕ ಶಾಲೆಗಳಲ್ಲಿ ಒಂದು.

ಹರಕು ಮುರುಕು ಕಟ್ಟಡ ಇರಬಹುದು ಅಂದುಕೊಂಡಿದ್ದೆ. ಹಾಗಿಲ್ಲ. 1926ರ ಗಟ್ಟಿಮುಟ್ಟಾದ ಎರಡಂತಸ್ತಿನ ಇಟ್ಟಿಗೆ ಕಟ್ಟಡ, ತುಂಬಾ ಚೆಂದ ಇದೆ. ಪಾಠ ಹೇಳುವವರೂ ಚೆನ್ನಾಗಿ ಓದಿದವರೇ. ಇಲ್ಲಿ ಕಲಿಸಿದ ಮೇಮಿ ವಿಲಿಯಮ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಎಂ.ಎ. ಮಾಡಿದ್ದರು. ಹಾಗಾದರೆ ತೊಂದರೆ ಏನಿತ್ತು? ಮಗಳೂ ಇದನ್ನೇ ಕೇಳಿದಳು.

ಅವಳಿಗೆ ಲಿಂಡಾ ಬ್ರೌನ್ ಕಥೆ ಹೇಳಿದೆ. ಲಿಂಡಾಗೆ ಆಗ ಏಳು ವರ್ಷ, ನನ್ನ ಮಗಳ ವಯಸ್ಸೇ. ಮನ್ರೋಗೆ ಹೋಗಲು ಬೆಳಿಗ್ಗೆ 7:40ಕ್ಕೆ ಮನೆ ಬಿಡಬೇಕು. ರೈಲು ಹಳಿಗಳ ಯಾರ್ಡ್ ದಾಟಿ ನಡೆದು ಬಸ್ ಹಿಡಿಯಬೇಕು. ಬಸ್ಸು ಎಷ್ಟೋ ಸಲ ತಡ. ಅದು ಬೇಗ ಬಂದ ದಿನ, ಬಾಗಿಲು ತೆರೆಯುವ ಒಂಬತ್ತು ಗಂಟೆವರೆಗೆ ಶಾಲೆಯ ಹೊರಗೆ ಚಳಿಯಲ್ಲಿ ನಿಲ್ಲಬೇಕು. ಕಾನ್ಸಾಸ್ ಚಳಿ ಅಂದರೆ ಸುಮ್ನೆ ಅಲ್ಲ, ಕಿವಿ ಕಿತ್ತು ಹೋಗುತ್ತೆ. ಅದೇ ಮನೆಯಿಂದ ಏಳು ಬ್ಲಾಕ್ ದೂರದಲ್ಲಿ ಸಮ್ನರ್ ಶಾಲೆ ಇತ್ತು. ಗುಲಾಮಗಿರಿಯ ವಿರುದ್ಧ ಹೋರಾಡಿದ ಸೆನೆಟರ್ ಚಾರ್ಲ್ಸ್ ಸಮ್ನರ್ ಹೆಸರಿನ ಶಾಲೆ, ಆದರೆ ಬಿಳಿಯರ ಮಕ್ಕಳಿಗೆ ಮಾತ್ರ.

1950ರಲ್ಲಿ ಅಪ್ಪ ಆಲಿವರ್ ಬ್ರೌನ್ ಅವಳ ಕೈ ಹಿಡಿದು ಸಮ್ನರ್‌ಗೆ ಕರೆದುಕೊಂಡು ಹೋದರು. ಅವರು ಸಾಂಟಾ ಫೆ ರೈಲ್ವೆಯಲ್ಲಿ ವೆಲ್ಡರ್, ಚರ್ಚಿನಲ್ಲಿ ಸಹಾಯಕ ಪಾದ್ರಿ. ಮಗುವನ್ನು ಹೊರಗೆ ಕೂರಿಸಿ ಅಪ್ಪ ಪ್ರಿನ್ಸಿಪಾಲರ ಕೋಣೆಗೆ ಹೋದರು. ಒಳಗಿಂದ ಅಪ್ಪನ ದನಿ ಏರಿದ್ದು ಲಿಂಡಾಗೆ ಕೇಳಿಸಿತು. ಸೀಟು ಸಿಗಲಿಲ್ಲ.

ಕಾನ್ಸಾಸ್‌ನ 1879ರ ಕಾನೂನು, 15,000ಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ಬೇರೆ ಬೇರೆ ಮಾಡಲು ಬಿಟ್ಟಿತ್ತು. ಅದರ ವಿರುದ್ಧ 1951ರ ಫೆಬ್ರವರಿಯಲ್ಲಿ 13 ಪೋಷಕರು ತಮ್ಮ 20 ಮಕ್ಕಳ ಪರವಾಗಿ ಕೇಸು ಹಾಕಿದರು. ಕೇಸಿಗೆ ಬ್ರೌನ್ ಹೆಸರು ಬಂತು. ಆದರೆ ಆ ಹದಿಮೂರರಲ್ಲಿ ಗಂಡಸು ಅವರೊಬ್ಬರೇ, ಉಳಿದ ಹನ್ನೆರಡೂ ಹೆಂಗಸರು. ಇದು ನನಗೆ ಗೊತ್ತೇ ಇರಲಿಲ್ಲ. ಅವರ ಹೆಸರುಗಳೂ ಎಲ್ಲರ ಬಾಯಲ್ಲಿ ಇರಬೇಕಿತ್ತು, ಅಲ್ವಾ?

ಟೊಪೀಕಾದ ಕೋರ್ಟಿನಲ್ಲಿ ಅವರು ಸೋತರು. ಎರಡೂ ಕಡೆ ಕಟ್ಟಡ, ಪುಸ್ತಕ, ಶಿಕ್ಷಕರು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದಾರೆ ಎಂದು ಕೋರ್ಟ್ ಹೇಳಿತು. ಆದರೆ ಬೇರೆ ಕೂರಿಸುವುದರಿಂದಲೇ ಕಪ್ಪು ಮಕ್ಕಳ ಮನಸ್ಸಿಗೆ ಪೆಟ್ಟು ಬೀಳುತ್ತೆ ಅಂತಲೂ ಅದೇ ನ್ಯಾಯಾಧೀಶರು ಬರೆದರು. ಮಗಳ ಪ್ರಶ್ನೆಗೆ ಇದೇ ಉತ್ತರ. ಶಾಲೆ ಎಷ್ಟೇ ಚೆನ್ನಾಗಿರಲಿ, 'ನೀನು ಅಲ್ಲಿಗೆ ಬರಬೇಡ' ಅಂತ ಹೇಳಿ ಇಲ್ಲಿಗೆ ಕಳಿಸಿದ್ದಾರೆ ಅನ್ನೋದು ಮಗುವಿಗೆ ಗೊತ್ತಿರುತ್ತೆ. ಇನ್ನೂ ನಾಲ್ಕು ಕಡೆಯ ಕೇಸುಗಳ ಜೊತೆ ಇದು ಸುಪ್ರೀಂ ಕೋರ್ಟಿಗೆ ಹೋಯಿತು. 1954ರ ಮೇ 17ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಮತ್ತು ಉಳಿದ ಎಂಟೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ. ಅಷ್ಟು ಹೊತ್ತಿಗೆ ಲಿಂಡಾ ಪ್ರಾಥಮಿಕ ಶಾಲೆ ಮುಗಿಸಿಯಾಗಿತ್ತು.

1975ರಲ್ಲಿ ಮನ್ರೋ ಮುಚ್ಚಿತು. 2004ರಿಂದ ಅದು ರಾಷ್ಟ್ರೀಯ ಸ್ಮಾರಕವಾಗಿ ತೆರೆದಿದೆ. ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಎರಡೂ ಕಡೆ ಪರದೆ, ಅದರ ಮೇಲೆ ಶಾಲೆಗೆ ಹೊರಟ ಕಪ್ಪು ಮಕ್ಕಳ ಮೇಲೆ ಕೂಗಾಡುವ ದೊಡ್ಡವರು. ಆ ಕೂಗಿನ ನಡುವೆಯೇ ನಾವು ನಡೆಯಬೇಕು. ಮಗಳು ನನ್ನ ಸೆರಗಿನ ತುದಿ ಗಟ್ಟಿಯಾಗಿ ಹಿಡಿದಳು, ಅರ್ಧದಿಂದ ಓಡಿಯೇ ಬಿಟ್ಟಳು. ಆಮೇಲೆ ಹಿಂದಿನಂತೆಯೇ ಉಳಿಸಿರುವ ಕಿಂಡರ್‌ಗಾರ್ಟನ್ ಕೋಣೆಯಲ್ಲಿ ಸುಮಾರು ಹೊತ್ತು ಮಾತಿಲ್ಲದೆ ನಿಂತಿದ್ದಳು.

ನನಗೆ ನಮ್ಮ ಧಾರವಾಡವೇ ಕಣ್ಣ ಮುಂದೆ ಬಂತು. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗನ ಪರವಾಗಿ ಅರ್ಜಿ ಹೋಗಿತ್ತು. ಬೇರೆ ಜಾತಿಯವರು ಮಕ್ಕಳನ್ನು ಬಿಡಿಸಿಬಿಡುತ್ತಾರೆ ಅಂತ ಮುಂಬೈ ಸರ್ಕಾರ ಅವನನ್ನು ಸೇರಿಸಿಕೊಳ್ಳಲಿಲ್ಲ. ಲಿಂಡಾಗಿಂತ ಸುಮಾರು ನೂರು ವರ್ಷ ಮೊದಲು. ಆ ಹುಡುಗ ನಮ್ಮೂರಿನವನು, ಆದರೂ ನಾನು ಓದುವಾಗ ಯಾರೂ ಅವನ ಬಗ್ಗೆ ಹೇಳಿಕೊಟ್ಟಿರಲಿಲ್ಲ. ಮಗಳಿಗೆ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದೆ.

ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಮಾಸ್ತರ ಆಗಿದ್ದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಲ್ಲವ್ವಾ, ಹುಡುಗರು ಆ ಸಾಲಿಗೆ ಹ್ವಾದ್ರು. ಈ ಸಾಲಿ ಮಾಸ್ತರು, ಅಕ್ಕೋರು, ಅವರ ಗತಿ ಏನಾತು?"

ಅದನ್ನೂ ಹೇಳಿದೆ. ತೀರ್ಪು ಬರುವ ಮೊದಲೇ, 1953ರಲ್ಲೇ, ಟೊಪೀಕಾದ ಕೆಲವು ಕಪ್ಪು ಶಿಕ್ಷಕರಿಗೆ ಪತ್ರ ಬಂದಿತ್ತು. ಬಿಳಿ ಮಕ್ಕಳಿಗೆ ಕಪ್ಪು ಶಿಕ್ಷಕರು ಬೇಕು ಅಂತ ಊರಿನ ಹೆಚ್ಚಿನವರು ಒಪ್ಪಲಾರರು, ಮುಂದಿನ ವರ್ಷ ಕೆಲಸ ಇಲ್ಲ ಅಂತ. ತೀರ್ಪಾದ ಮೇಲೆ ದಕ್ಷಿಣದ ರಾಜ್ಯಗಳಲ್ಲಂತೂ ಸಾವಿರಾರು ಕಪ್ಪು ಶಿಕ್ಷಕರು ಕೆಲಸ ಕಳೆದುಕೊಂಡರು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೇಮಿ ವಿಲಿಯಮ್ಸ್ ಹೆಸರಿನಲ್ಲಿ ಈಗ ಮನ್ರೋ ಹತ್ತಿರವೇ ಒಂದು ಶಾಲೆ ಇದೆ, ಮಕ್ಕಳು ಓದ್ತಿದ್ದಾರೆ ಅಂದೆ.

"ತಡಿ, ಪೆನ್ನು ತಗೋತೀನಿ," ಅಂದರು. "ಆ ಅಕ್ಕೋರ ಹೆಸರು ಸಾವಕಾಶ ಹೇಳು."