ತೆಂಗಿನ ಹಾಲಿನ ಕಾಫಿ

ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಹಸುವಿನ ಹಾಲು ಹೊಟ್ಟೆಗೆ ಆಗದೆ ಇಷ್ಟು ದಿನ ಕರಿಕಾಫಿಯಲ್ಲೇ ಸಮಾಧಾನಪಡುತ್ತಿದ್ದ ನಾನು, ಇಂದು ಒಂದು ಹೋಳು ಕಾಯಿ ತುರಿದು, ರುಬ್ಬಿ, ಹಿಂಡಿ, ಆ ಹಾಲಿನಲ್ಲಿ ಕಾಫಿ ಮಾಡಿದೆ.

ಮೊದಲ ಲೋಟ ಕೆಟ್ಟಿತು. ಉಕ್ಕು ಬರಲಿ ಎಂದು ಕಾದದ್ದೇ ತಪ್ಪು; ಕುದಿ ಬಂದೊಡನೆ ಹಾಲು ಒಡೆದು, ಡಿಕಾಕ್ಷನ್ನಿನ ಮೇಲೆ ಸಾಸಿವೆಯಷ್ಟು ಸಣ್ಣ ಎಣ್ಣೆಹನಿಗಳು ಹೊಳೆಯುತ್ತಾ ತೇಲಿದವು.

"ಪಾಯಸಕ್ಕೆ ಕಾಯಿಹಾಲು ಹಾಕಿದ ಮೇಲೆ ಕುದಿಸ್ತೀವೇನೆ? ಇದೂ ಹಂಗೇ" ಎಂದಳು ಅಮ್ಮ, ಜಗಲಿಯಿಂದಲೇ.

ಎರಡನೆಯ ಸಲ, ನೀರು ಕಡಿಮೆ ಹಾಕಿ ಹಿಂಡಿದ ಮೊದಲ ಹಾಲನ್ನು ಬೆರಳು ತಾಳುವಷ್ಟು ಮಾತ್ರ ಬಿಸಿ ಮಾಡಿ, ಬೆಲ್ಲ ಕರಗಿಸಿದ ಗಟ್ಟಿ ಡಿಕಾಕ್ಷನ್ನಿಗೆ ನಿಧಾನವಾಗಿ ಸುರಿದೆ. ಚಿಕೋರಿ ಬೆರೆತ ಪುಡಿಯ ಕಹಿಯನ್ನು ಕಾಯಿಯ ಸಿಹಿ ಮುಚ್ಚಿಬಿಡುತ್ತದೆಂಬ ನನ್ನ ಭಯ ಸುಳ್ಳಾಯಿತು. ಜಜ್ಜಿ ಹಾಕಿದ ಏಲಕ್ಕಿ ಮಾತ್ರ ಹೆಚ್ಚಾಯಿತು. ಕಾಫಿ ಸ್ವಲ್ಪ ಪಾಯಸದ ಕಡೆಗೇ ವಾಲಿತು.

ಹಿತ್ತಲಿನಲ್ಲಿ ತೆಂಗಿನ ಮರ ಇಟ್ಟುಕೊಂಡು, ಹಾಲಿನ ಕಾಫಿಯ ಋಣ ತೀರಿತೆಂದು ಇಷ್ಟು ತಿಂಗಳು ಕೊರಗಿದ್ದನ್ನು ನೆನೆದರೆ ನಗು ಬರುತ್ತದೆ. ಹಿಂಡಿ ಉಳಿದ ತುರಿಯನ್ನು ಅಮ್ಮ ಆಗಲೇ ಬೀನ್ಸ್ ಪಲ್ಯಕ್ಕೆಂದು ಎತ್ತಿಟ್ಟಿದ್ದಾಳೆ.