ಬೆಟ್ಟದ ಮೇಲಿನ ಒಟಿಪಿ

ಕಳೆದ ಭಾನುವಾರ ಅಪ್ಪನ ಹೆಸರಿನಲ್ಲಿ ಒಂದು ಅರ್ಜಿ ತುಂಬಲು ಕೂತೆ. ನಾನಿರುವುದು ಬೆಂಗಳೂರಿನಲ್ಲಿ, ಅಪ್ಪ ಶಿರಸಿ ಹತ್ತಿರದ ನಮ್ಮೂರಿನಲ್ಲಿ. ಯಾವ ಕಚೇರಿಯ ಜಾಲತಾಣ ಅನ್ನುವುದು ಬೇಡ ಬಿಡಿ. ಹತ್ತು ನಿಮಿಷದ ಕೆಲಸ ಅಂದುಕೊಂಡು ಒಲೆ ಮೇಲೆ ಹಾಲಿಟ್ಟೇ ಬಂದಿದ್ದೆ. ಆ ಹಾಲಿನ ಕಥೆ ನಿಮಗೆ ಗೊತ್ತಾಗಿರಬೇಕು.

ಮೊದಲ ಕಾಟ ಹೆಸರಿನದ್ದು. ಅಪ್ಪನ ಹೆಸರಿಗೆ ಹಿಂದೆ ಎರಡು ಇನಿಶಿಯಲ್ ಇವೆ, ಮುಂದೆ ಏನೂ ಇಲ್ಲ. ತಾಣಕ್ಕೆ ‘ಲಾಸ್ಟ್ ನೇಮ್’ ಬೇಕೇ ಬೇಕು, ಚುಕ್ಕಿ ಮಾತ್ರ ಬೇಡ. ಕೊನೆಗೆ ಇನಿಶಿಯಲ್ಲನ್ನೇ ಹಿಂದಿನಿಂದ ಮುಂದಕ್ಕೆ ಎಳೆದು ಕೂರಿಸಿದೆ. ಆಮೇಲೆ ಹುಟ್ಟಿದ ದಿನ. ಟೈಪ್ ಮಾಡಲು ಬಿಡುವುದಿಲ್ಲ, ಕ್ಯಾಲೆಂಡರಿನಲ್ಲೇ ಒತ್ತಬೇಕು. ಅಪ್ಪ ಹುಟ್ಟಿದ್ದು 1951ರಲ್ಲಿ. ಬಾಣದ ಗುರುತು ಒಂದು ಸಲ ಒತ್ತಿದರೆ ಒಂದು ತಿಂಗಳು ಹಿಂದೆ ಹೋಗುತ್ತದೆ. ಅಂದರೆ ಎಂಟುನೂರಕ್ಕೂ ಜಾಸ್ತಿ ಸಲ ಒತ್ತಬೇಕು! 1990ರ ಹತ್ತಿರ ಬಂದಾಗ ಬೆರಳು ತಪ್ಪಿ ಮೇಲಿನ ಇಸವಿಗೆ ತಾಗಿತು. ಇಸವಿಗಳ ಪಟ್ಟಿ ತಾನಾಗಿ ತೆರೆದುಕೊಂಡಿತು. ಇದನ್ನು ಮೊದಲೇ ಹೇಳಬಾರದಿತ್ತಾ?

ನಾವು ಯಂತ್ರವಲ್ಲ, ಮನುಷ್ಯರೇ ಅಂತ ತೋರಿಸಲು ಸೊಟ್ಟ ಅಕ್ಷರ ಓದಿ ಟೈಪ್ ಮಾಡಿಸುವ ಕ್ಯಾಪ್ಚಾ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. 2007ರಲ್ಲಿ ಬಂದ ರೀಕ್ಯಾಪ್ಚಾ ಇತ್ತಲ್ಲ, ಅದರಲ್ಲಿ ಜನ ಟೈಪ್ ಮಾಡಿದ ಪದಗಳಿಂದ ಹಳೇ ಪುಸ್ತಕ, ಪತ್ರಿಕೆಗಳ ಮಸುಕು ಅಕ್ಷರಗಳನ್ನು ಓದಿಸಿಕೊಳ್ಳುತ್ತಿದ್ದರು. ಅದಾದರೂ ಪುಣ್ಯದ ಕೆಲಸ. ಈ ತಾಣದ್ದು ಅಂಥದ್ದೇನಲ್ಲ. ಸೊನ್ನೆಯೋ ‘ಓ’ ಅಕ್ಷರವೋ ತಿಳಿಯದ ಹಾಗೆ ಬರೆದು, ಮೇಲೊಂದು ಗೀಟು ಎಳೆದಿದ್ದರು ಅಷ್ಟೇ.

ನಿಜವಾದ ಪೇಚು ಶುರುವಾಗಿದ್ದು ಒಟಿಪಿಯಿಂದ. ಅದು ಹೋಗುವುದು ಅಪ್ಪನ ಮೊಬೈಲಿಗೆ. ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಗ್ನಲ್ ಬೇಕೆಂದರೆ ತೋಟದ ಆಚೆಗಿನ ಸೊಪ್ಪಿನಬೆಟ್ಟ ಹತ್ತಬೇಕು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಆ ಬೆಟ್ಟವೇ ಈಗ ನಮ್ಮೂರಿನ ಟೆಲಿಫೋನ್ ಬೂತ್. ಮೇಲೊಂದು ಕಲ್ಲಿದೆ. ಅದರ ಮೇಲೆ ಕೂತರೆ ಎರಡು ಕಡ್ಡಿ ಬರುತ್ತದೆ, ನಿಂತರೆ ಒಂದು. ಯಾಕೆ ಹಾಗೆ ಅಂತ ಕೇಳಬೇಡಿ.

ನಾನು ದಡ್ಡನ ಹಾಗೆ ಮೊದಲು ಒಟಿಪಿ ಕಳಿಸಿ, ಆಮೇಲೆ ಮನೆಗೆ ಫೋನ್ ಮಾಡಿದೆ. ಒಟಿಪಿಯ ಆಯುಷ್ಯ ಹತ್ತು ನಿಮಿಷ, ಬೆಟ್ಟದ ದಾರಿ ಹನ್ನೆರಡು. ಅಪ್ಪ ಏದುಸಿರು ಬಿಡುತ್ತಾ ಮೇಲೆ ಮುಟ್ಟಿ ಫೋನ್ ಮಾಡುವಷ್ಟರಲ್ಲಿ ಅದು ಸತ್ತಿತ್ತು. ಇನ್ನೊಂದು ಕಳಿಸಿದೆ. ಬರಲಿಲ್ಲ. ಮತ್ತೊಂದು ಕಳಿಸಿದೆ. ಆಗ ಮೂರೂ ಒಟ್ಟಿಗೆ ಬಂದವು. ಅಪ್ಪ ನಿಧಾನಕ್ಕೆ, ಪಂಚಾಂಗ ಓದುವ ಹಾಗೆ, ಆರು ಅಂಕಿ ಓದಿದರು. ಓದಿದ್ದು ಮೊದಲನೆಯದ್ದನ್ನು. ಆಮೇಲೆ ಎರಡನೆಯದ್ದನ್ನು. ತಾಣಕ್ಕೆ ರೇಗಿತು. ‘ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ’ ಅಂದಿತು.

ಇಳಿದು ಮತ್ತೆ ಹತ್ತುವ ಬದಲು ಇಲ್ಲೇ ಕೂತಿರುತ್ತೇನೆ ಅಂದರು ಅಪ್ಪ. ಕೈಯಲ್ಲಿ ಭಾನುವಾರದ ಪೇಪರ್ ಇತ್ತು, ಅದರಲ್ಲಿ ಪದಬಂಧ. ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ದನಿ ಬಂತು.

“ತಮಾ, ಮೊಸಳೆಗೆ ಮೂರಕ್ಷರ. ಮಕರ ಅಂತ ಬರೆದಿದ್ದೆ, ನಡುವೆ ‘ಗ’ ಬರ್ತು. ನೆಗಳು ಅಂತ ಒಂದು ಶಬ್ದ ಇದ್ದಾ ನೋಡು.”

ಇನ್ನೊಂದು ಕಿಟಕಿಯಲ್ಲಿ ‘ಅಲರ್’ ತೆರೆದೆ. ವಿ. ಕೃಷ್ಣ ಅನ್ನುವವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ ಇವೆ. 2019ರಲ್ಲಿ ಜಾಲಕ್ಕೆ ಬಂತು. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಲಾಗಿನ್ ಇಲ್ಲ, ಒಟಿಪಿ ಇಲ್ಲ. ನನ್ನ ಲಾಸ್ಟ್ ನೇಮ್ ಕೂಡ ಕೇಳಲಿಲ್ಲ! ಅಲರ್ ಅಂದರೆ ಹೂವು, ಅರಳುವುದು. ಆ ಹೊತ್ತಿಗೆ ನನ್ನ ಮುಖವೂ ಒಂಚೂರು ಅರಳಿತು ಅನ್ನಿ.

ನೆಗಳ್ ಅಂದರೆ ಮೊಸಳೆ ಹೌದು. ಆದರೆ ಹಳಗನ್ನಡದಲ್ಲಿ ಅದಕ್ಕೇ ಹೆಸರುವಾಸಿಯಾಗು ಅಂತಲೂ ಅರ್ಥ. ನೆಗಳ್ತೆ ಅಂದರೆ ಕೀರ್ತಿ. ಅಪ್ಪನಿಗೆ ಹೇಳಿದೆ. ಆ ಕಡೆ ಒಂದು ಕ್ಷಣ ಗಾಳಿಯ ಸದ್ದಷ್ಟೇ.

“ಅಂದ್ರೆ ದೊಡ್ಡ ಹೆಸರು ಮಾಡಿದವೆಲ್ಲ ಮೊಸಳೆನೇ ಅಂತಾತು” ಅಂದು ಜೋರಾಗಿ ನಕ್ಕರು. ಕಲ್ಲಿನಿಂದ ಎದ್ದು ನಿಂತರೋ ಏನೋ, ನಗು ಅರ್ಧಕ್ಕೇ ಕಟ್ಟಾಯಿತು.

ಮತ್ತೆ ಫೋನ್ ಬಂತು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೊಂದೇ ಮನೆ ತುಂಬುತ್ತಾ ಹೋದೆವು. ನಿಘಂಟಿನಲ್ಲಿ ಒಂದು ಪದ ಹುಡುಕಲು ಹೋಗಿ ಪಕ್ಕದ ನಾಲ್ಕು ಪದ ಓದಿದೆ. ಅಪ್ಪ ಅವಕ್ಕೆಲ್ಲ ಒಂದೊಂದು ಕಥೆ ಹೇಳಿದರು. ಊರಿಗೆ ಹೋದಾಗಲೂ ನಾವು ಇಷ್ಟು ಹೊತ್ತು ಮಾತಾಡುವುದಿಲ್ಲ. ಅರ್ಧ ಗಂಟೆ ಕಳೆದು ಎಷ್ಟೋ ಹೊತ್ತಾಗಿತ್ತು. ಅರ್ಜಿ ನೆನಪಾಗಿ ನೋಡಿದರೆ ‘ನಿಮ್ಮ ಸೆಷನ್ ಮುಗಿದಿದೆ’ ಅನ್ನುತ್ತಿತ್ತು. ಎಲ್ಲಾ ಮತ್ತೆ ಮೊದಲಿನಿಂದ ತುಂಬಿದೆ. ಈ ಸಲ ಇಸವಿ ಎಲ್ಲಿ ಒತ್ತಬೇಕು ಅಂತ ಗೊತ್ತಿತ್ತು. ಒಂದೇ ಒಂದು ಒಟಿಪಿ ಬಂತು, ಅಪ್ಪ ಓದಿದರು, ಕೆಲಸ ಆಯಿತು.

“ಫೋನ್ ಇಡಡ, ಇನ್ನೆರಡು ಮನೆ ಖಾಲಿ ಇದ್ದು” ಅಂದರು ಅಪ್ಪ.

ಅಷ್ಟರಲ್ಲಿ ನನ್ನ ಫೋನಿನಲ್ಲಿ ಇನ್ನೊಂದು ಕರೆ ಕುಟ್ಟತೊಡಗಿತು. ಮನೆಯ ಲ್ಯಾಂಡ್‌ಲೈನು. ಅಡುಗೆಮನೆಯಿಂದ ಕೂಗಿದರೆ ಬೆಟ್ಟಕ್ಕೆ ಕೇಳುವುದಿಲ್ಲವಲ್ಲ, ಅಮ್ಮ ಬೆಂಗಳೂರಿಗೆ ಫೋನ್ ಮಾಡಿದ್ದಳು.

“ಅಪ್ಪಂಗೆ ಊಟಕ್ಕೆ ಬಪ್ಪಲೆ ಹೇಳು.”